ಮಾತಿಗೂ ಒಂದು ತಾಲೀಮು: ತ್ರಾಸಿನ ಮಾತುಕತೆಯನ್ನು ತರಗತಿಯಲ್ಲಿ ಕಲಿಸುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕ ಗೆಳೆಯರು ಸಿಕ್ಕಾಗಲೆಲ್ಲ ಸುತ್ತಿ ಬಳಸಿ ಕೇಳುವುದು ಇದನ್ನೇ: “ಸರ, ನಮ್ಮ ಹುಡುಗ್ರು ಸ್ಟೇಜ್ ಮ್ಯಾಲ ಹತ್ತು ನಿಮಿಷ ಭಾಷಣ ಬಿಗೀತಾರ. ಆದ್ರ ಗೆಳ್ಯಾ ಒಯ್ದ ನೋಟ್‌ಬುಕ್ ವಾಪಸ್ ಕೇಳಾಕ ಬರೂದಿಲ್ಲ. ಕೇಳಿದ್ರ ಜಗಳ, ಇಲ್ಲಂದ್ರ ಮಾತು ಬಂದ್. ಇದನ್ನ ಕ್ಲಾಸಿನ್ಯಾಗ ಕಲಿಸಾಕ ಬರತೈತೇನು?”

ಬರುತ್ತದೆ. ಆದರೆ ಚರ್ಚಾ ಸ್ಪರ್ಧೆಯಿಂದ ಬರುವುದಿಲ್ಲ. ನಮ್ಮ ಭಾಗದ ಶಾಲೆಗಳಲ್ಲಿ ಪರ–ವಿರೋಧದ ಚರ್ಚಾ ಸ್ಪರ್ಧೆಗೆ ಬರವಿಲ್ಲ. ಢಾಲು, ಕಪ್ಪುಗಳಿಂದ ಕಪಾಟುಗಳು ತುಂಬಿವೆ. ಸ್ಪರ್ಧೆಯಲ್ಲಿ ಎದುರಿನವರನ್ನು ಸೋಲಿಸಿ ಮನೆಗೆ ಹೋಗಬಹುದು, ಮರುದಿನ ಅವರ ಮುಖ ನೋಡಬೇಕಾಗಿಲ್ಲ. ತ್ರಾಸಿನ ಮಾತುಕತೆ, ಅಂದರೆ ಆಡಲು ಕಷ್ಟವಾದರೂ ಆಡಲೇಬೇಕಾದ ಮಾತು, ನಡೆಯುವುದು ಮಾತ್ರ ನಾಳೆಯೂ ಜೊತೆಗೇ ಇರಬೇಕಾದವರ ಸಂಗಡ: ಬೆಂಚಿನ ಗೆಳತಿ, ಅಪ್ಪ, ಅಂಕ ತಪ್ಪಾಗಿ ಕೂಡಿಸಿದ ಮಾಸ್ತರು. ನನ್ನ ಅನುಭವದಲ್ಲಿ ಚರ್ಚಾ ಸ್ಪರ್ಧೆಯ ಬಹುಮಾನಿತರಿಗೇ ಈ ತಾಲೀಮು ಹೆಚ್ಚು ಕಷ್ಟವಾಗುತ್ತದೆ. ಎದುರಿನವರು ಬಾಯಿ ತೆರೆಯುವ ಮುಂಚೆಯೇ ಅವರ ಹತ್ತಿರ ಉತ್ತರ ತಯಾರಿರುತ್ತದೆ.

ಇಲ್ಲಿರುವ ಕ್ರಮ 8ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ನಡೆಯುತ್ತದೆ. ವಾರಕ್ಕೊಂದು ಅವಧಿಯಂತೆ ಎಂಟು ವಾರ ಹಿಡಿಯಬಹುದು. ಒಂದೇ ದಿನದ ‘ಕಾರ್ಯಾಗಾರ’ ಮಾಡಿ ಫೋಟೊ ತೆಗೆಸಿಕೊಳ್ಳುವುದಾದರೆ ಮುಂದೆ ಓದುವ ತೊಂದರೆ ತೆಗೆದುಕೊಳ್ಳಬೇಡಿ.

ಮೊದಲು ಏನೇನು ಬೇಕು

40 ನಿಮಿಷದ ಒಂದು ಅವಧಿ, ಕರಿಹಲಗೆ, ಸೆಕೆಂಡು ಮುಳ್ಳಿರುವ ಗಡಿಯಾರ, ಹರಿದ ಕಾಗದದ ಚೀಟಿಗಳು, ಚೀಟಿ ಹಾಕಲು ಒಂದು ಡಬ್ಬಿ. ಇಷ್ಟೇ.

ಜಾಗದ ಮಾತು ಬೇರೆ. ಗೋಲಾಕಾರದಲ್ಲಿ ಕುರ್ಚಿ ಹಾಕಿ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ 60 ಮಕ್ಕಳು, ಅಲುಗಾಡಿಸಲಾಗದ ಡೆಸ್ಕು. ಜೋಡಿ ಅಭ್ಯಾಸವಿದ್ದ ದಿನ ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಿ ಕುಳಿತರೆ ಸಾಕು. ಸುತ್ತು ಕಟ್ಟುವ ದಿನ ಹೊರಗೆ ಬನ್ನಿ: ಪಡಸಾಲೆ, ಪ್ರಾರ್ಥನೆಯ ಬಯಲು, ಬೇವಿನ ಮರದ ನೆರಳು. ಎಪ್ರಿಲ್ ಬಿಸಿಲಿನಲ್ಲಿ ಮಾತ್ರ ಬೇಡ. ಬಿಸಿಲಿನ ಸಿಟ್ಟು ಮಾತಿನೊಳಗೆ ಬರುತ್ತದೆ.

ಭಾಷೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಮಕ್ಕಳು ಮನೆಯಲ್ಲಿ ಹೇಗೆ ಆಡುತ್ತಾರೋ ಹಾಗೇ ಆಡಲಿ. “ನನಗ ಸಿಟ್ಟ ಬಂದೈತಿ” ಎಂದವಳನ್ನು “ಸರಿಯಾಗಿ ಹೇಳು, ನನಗೆ ಕೋಪ ಬಂದಿದೆ” ಎಂದು ತಿದ್ದಿದ ಕ್ಷಣವೇ ಆ ಹುಡುಗಿ ಪರೀಕ್ಷೆಗೆ ಕೂತಂತಾಗುತ್ತಾಳೆ, ಮಾತು ನಿಲ್ಲುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಆಡುವ ಮಕ್ಕಳಿದ್ದರೆ ಸಿಟ್ಟಿನ ಮೊದಲ ವಾಕ್ಯ ಅವರ ಮನೆಮಾತಿನಲ್ಲೇ ಬರಲಿ, ಆಮೇಲೆ ಕನ್ನಡಕ್ಕೆ ತರಲಿ. ಅಪ್ಪನಿಗೆ ‘ನೀ’ ಅನ್ನುವ ಮನೆಗಳಿವೆ, ‘ನೀವು’ ಅನ್ನುವ ಮನೆಗಳಿವೆ. ಆಯಾ ಮಗು ತನ್ನ ಮನೆಯ ರೂಢಿಯಲ್ಲೇ ಆಡಬೇಕು. ‘ಆಗೂದಿಲ್ಲ’ ಎಂಬುದಕ್ಕೂ ‘ಆಗೂದಿಲ್ರೀ’ ಎಂಬುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಂತ 1: ಕಟ್ಟಳೆ

ಮೊದಲ ಅವಧಿಯಲ್ಲಿ ಕಟ್ಟಳೆಗಳನ್ನು ಮಕ್ಕಳಿಂದಲೇ ಕೇಳಿ ಹಲಗೆಯ ಮೇಲೆ ಬರೆಯಿರಿ. ನಾಲ್ಕಕ್ಕಿಂತ ಹೆಚ್ಚು ಬೇಡ. ಯಾವ ತರಗತಿಯಲ್ಲಿ ಕೇಳಿದರೂ ಹೆಚ್ಚುಕಡಿಮೆ ಇವೇ ಬರುತ್ತವೆ: ಒಬ್ಬರು ಆಡುವಾಗ ಇನ್ನೊಬ್ಬರು ಆಡಬಾರದು, ಅಡ್ಡಹೆಸರು, ಜಾತಿ, ಮನೆಮಂದಿಯ ಸುದ್ದಿ ತೆಗೆಯಬಾರದು, ಬೇಡ ಅನಿಸಿದರೆ ‘ಪಾಸ್’ ಅನ್ನಬಹುದು, ನಗುವುದಾದರೆ ಮಾತಿಗೆ ನಗಬೇಕು, ಮನುಷ್ಯನಿಗೆ ನಗಬಾರದು.

‘ಇಲ್ಲಿನ ಮಾತು ಹೊರಗೆ ಹೋಗಬಾರದು’ ಎಂದು ಯಾರಾದರೂ ಸೂಚಿಸಿದರೆ ಬರೆಯಬೇಡಿ. 60 ಮಕ್ಕಳ ಗುಟ್ಟು ಊಟದ ಬಿಡುವಿನವರೆಗೂ ಉಳಿಯುವುದಿಲ್ಲ. ಬದಲಿಗೆ “ಇಲ್ಲಿ ಆಡಿದ್ದು ಹೊರಗ ಹೋಗ್ತೈತಿ ಅಂತ ತಿಳಕೊಂಡs ಆಡ್ರಿ” ಎಂದು ನೇರವಾಗಿ ಹೇಳಿಬಿಡಿ.

ಹಂತ 2: ಖಾರ ನೋಡಿ ವಿಷಯ ಆರಿಸಿ

ಹೊಸಬರು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಮೊದಲ ವರ್ಷ, ಮೊದಲ ಅವಧಿಗೇ ಗಣೇಶ ಹಬ್ಬದ ಚಂದಾ ಹಣದ ಲೆಕ್ಕವನ್ನು ವಿಷಯವಾಗಿ ಕೊಟ್ಟೆ. ನಿಜವಾಗಿಯೂ ಹಣ ಎತ್ತಿದ್ದ ಇಬ್ಬರು ಹುಡುಗರು ಅದೇ ತರಗತಿಯಲ್ಲಿದ್ದರು. ಹತ್ತೇ ನಿಮಿಷಕ್ಕೆ ತಾಲೀಮು ಹೋಗಿ ಕುಸ್ತಿಯೇ ಶುರುವಾಯಿತು.

ಬ್ಯಾಡಗಿ ಮೆಣಸಿನಕಾಯಿ ನೆನಪಿಡಿ: ಬಣ್ಣ ಕಡುಗೆಂಪು, ಖಾರ ಕಡಿಮೆ. ಮೊದಲ ಮೂರು ವಾರದ ವಿಷಯಗಳು ಹಾಗಿರಬೇಕು, ವಾದಕ್ಕೆ ರಂಗು ಬರಬೇಕು, ಯಾರ ಕಣ್ಣಲ್ಲೂ ನೀರು ಬರಬಾರದು. ‘ಧಾರವಾಡ ಪೇಢೆ ಮೇಲೋ ಬೆಳಗಾವಿ ಕುಂದಾ ಮೇಲೋ’ ಎಂಬುದು ನನಗೆ ಸಿಕ್ಕ ಅತ್ಯುತ್ತಮ ಮೊದಲ ವಿಷಯ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಚೀಲ ಇಟ್ಟು ಸೀಟು ಹಿಡಿಯುವುದು ಸರಿಯೇ? ಕ್ರಿಕೆಟ್ ಚೆಂಡು ಕಿಡಕಿ ಗಾಜು ಒಡೆದರೆ ದುಡ್ಡು ಹೊಡೆದವನು ಕೊಡಬೇಕೋ, ಆಡಿದವರೆಲ್ಲ ಕೂಡಿಸಬೇಕೋ? ಇಂಥವು.

ಆಮೇಲೆ ಒಂದು ಮೆಟ್ಟಿಲು ಮೇಲೆ: ತಿರುಗಿ ಬಾರದ ನೋಟ್‌ಬುಕ್ಕು, ಗುಂಪಿನ ಪ್ರಾಜೆಕ್ಟಿನಲ್ಲಿ ಕೈ ಹಚ್ಚದ ಗೆಳೆಯ, ಗಿರ್ಮಿಟ್ ತಿನ್ನಲು ಕೊಟ್ಟ ಸಾಲ, ತಪ್ಪು ಕೂಡಿಸಿದ ಅಂಕ. ಅದರ ಮೇಲೆ ಮನೆಯ ಮಾತು: ಎಸ್ಸೆಸ್ಸೆಲ್ಸಿ ಆದ ಮೇಲೆ ಸೈನ್ಸ್ ಬೇಡ ಆರ್ಟ್ಸ್ ತಗೊಳ್ತೀನಿ ಎನ್ನುವುದು, ಪ್ರವಾಸಕ್ಕೆ ಕಳಿಸಿ ಎಂದು ಕೇಳುವುದು. ಕೊನೆಗೆ ಊರಿನ, ನಾಡಿನ ವಿಷಯ.

ಜಾತಿ ಜಗಳ, ಪೂಜಾಸ್ಥಳದ ವಿವಾದ, ಪ್ರೀತಿ–ಪ್ರೇಮ, ಯಾವುದೇ ಮಗುವಿನ ಮನೆಯಲ್ಲಿ ಸದ್ಯ ನಡೆಯುತ್ತಿರುವ ಸಂಗತಿ, ಇವನ್ನು ಅಭಿನಯಕ್ಕೆ ಕೊಡಲೇಬೇಡಿ. ಇವು ಮಾತಾಡಬಾರದ ವಿಷಯಗಳೇನಲ್ಲ. ಇವಕ್ಕೆ 60 ಜನರ ನೋಟ ಬೇಡ, ಅಷ್ಟೇ.

ವಿಷಯಗಳನ್ನು ಮಕ್ಕಳಿಂದ ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸಿ, ಹೆಸರು ಬೇಡ. ಆದರೆ ಡಬ್ಬಿಯಿಂದ ಎತ್ತಿದ ಚೀಟಿಯನ್ನು ಅಲ್ಲೇ ಗಟ್ಟಿಯಾಗಿ ಓದುವ ತಪ್ಪು ಮಾಡಬೇಡಿ. ಮನೆಗೆ ಒಯ್ದು ಓದಿ, ಯಾರ ಕಥೆ ಎಂದು ಗುರುತು ಸಿಗುವ ವಿವರ ಬದಲಿಸಿ, ಮುಂದಿನ ವಾರ ತನ್ನಿ.

ಹಂತ 3: ತಿರುಗಿ ಹೇಳುವುದು

ಈ ಹಂತಕ್ಕೆ ಎರಡು ವಾರ ಕೊಡಿ. ತರಬೇತಿಗಳಲ್ಲಿ ಇದಕ್ಕೆ ‘ಸಕ್ರಿಯ ಆಲಿಸುವಿಕೆ’ ಎಂಬ ದೊಡ್ಡ ಹೆಸರಿದೆ. ಅರ್ಥ ಸಣ್ಣದು: ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅವರು ‘ಹೌದು, ಅದನ್ನೇ ಹೇಳಿದೆ’ ಎಂದ ಮೇಲಷ್ಟೇ ನಿಮ್ಮ ಮಾತು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲೇ ಇದನ್ನು ಜಗಳದ ನಡುವೆ ಮಾಡಿ ನೋಡಬಹುದಾದ ಸಣ್ಣ ಪ್ರಯೋಗವಾಗಿ ಸೂಚಿಸಿದ್ದ. ಕೇಳಲು ಸುಲಭ, ಮಾಡಲು ಬಹಳ ಕಷ್ಟ ಎಂದು ಆತನೇ ಎಚ್ಚರಿಸಿದ್ದ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಶಬ್ದ ಮೊದಲೇ ಇದೆ: ‘ಬರೋಬ್ಬರಿ?’, ಅಂದರೆ ‘ಸರಿಯೇ?’ ಪೇಢೆ–ಕುಂದಾ ಜೋಡಿಯಲ್ಲಿ ಅದು ಹೀಗೆ ನಡೆಯುತ್ತದೆ:

“ಕುಂದಾ ಎರಡು ಚಮಚಾ ತಿನ್ನೂದ್ರಾಗ ಸಾಕಾಗಿ ಹೋಗ್ತೈತಿ. ಪೇಢೆ ಹಂಗಲ್ಲ, ಕಿಸೇದಾಗ ಇಟ್ಕೊಂಡು ಊರಿಗೆ ಒಯ್ಯಬಹುದು.”

“ಅಂದ್ರ ಕುಂದಾ ಭಾಳ ಸೀ ಅಂತೀ, ಪೇಢೆ ಒಯ್ಯಾಕ ಸಲೀಸು ಅಂತೀ. ಬರೋಬ್ಬರಿ?”

“ಸೀ ಅನ್ಲಿಲ್ಲ. ಜಲ್ದಿ ಸಾಕಾಗ್ತೈತಿ ಅಂದೆ.”

“ಜಲ್ದಿ ಸಾಕಾಗ್ತೈತಿ. ಒಯ್ಯಾಕ ಪೇಢೆ ಸಲೀಸು.”

“ಹಾಂ, ಬರೋಬ್ಬರಿ.”

ಮೂರನೆಯ ಸಾಲು ನೋಡಿ. ಆಡದ ಮಾತೊಂದು ಎರಡೇ ವಾಕ್ಯಗಳಲ್ಲಿ ಹೊಕ್ಕಿತ್ತು. ಸಿಹಿ ತಿಂಡಿಯ ಮಾತಿನಲ್ಲೇ ಹೀಗಾದರೆ ಹೊಲದ ಬದುವಿನ ಮಾತಿನಲ್ಲಿ ಏನಾಗಬೇಡ? ಮಕ್ಕಳಿಗೆ ಇದನ್ನು ವಿವರಿಸುವುದು ಬೇಡ. ಎರಡು ಸುತ್ತು ಆಡಿಸಿದರೆ ತಾವೇ ನಕ್ಕು ಕಂಡುಕೊಳ್ಳುತ್ತಾರೆ.

ಇಲ್ಲಿ ಮೂರು ಕಡೆ ಜಾರುತ್ತಾರೆ. ಒಂದು, ಗಿಳಿಪಾಠ: ಹೇಳಿದ್ದನ್ನು ಅಕ್ಷರಕ್ಕಕ್ಷರ ಒಪ್ಪಿಸುವುದು. ಇದಕ್ಕೆ ಮದ್ದು, ಎದುರಿನವರ ಶಬ್ದಗಳಲ್ಲಿ ಎರಡಕ್ಕಿಂತ ಹೆಚ್ಚು ಬಳಸಬಾರದೆಂಬ ನಿಯಮ. ಎರಡನೆಯದು ಕುಟುಕು: “ಅಂದ್ರ ನಾ ಕಳ್ಳ ಅಂತ ನೀ ಹೇಳೂದು, ಹೌದಲ್ಲೋ?” ಇದು ತಿರುಗಿ ಹೇಳಿದ್ದಲ್ಲ, ತಿರುಗಿ ಹೊಡೆದದ್ದು. ಅಲ್ಲೇ ನಿಲ್ಲಿಸಿ ಮೊದಲಿನಿಂದ ಆಡಿಸಿ. ಮೂರನೆಯದು ‘ಆದ್ರ’. “ನೀ ಹೇಳೂದು ಖರೇ ಐತಿ, ಆದ್ರ…” ಎಂದ ಕೂಡಲೇ ಮೊದಲರ್ಧ ಗಾಳಿಗೆ ಹೋಗುತ್ತದೆ. ‘ಆದ್ರ’ ಬದಲು ಅಲ್ಲಿ ಒಂದು ಉಸಿರು ಬಿಡಲಿ, ಆಮೇಲೆ ತಮ್ಮ ಮಾತನ್ನು ಹೊಸ ವಾಕ್ಯವಾಗಿ ಶುರು ಮಾಡಲಿ.

ಒಪ್ಪಿಕೊಳ್ಳುವುದು ಬೇರೆ, ತಿರುಗಿ ಹೇಳುವುದು ಬೇರೆ. ಇದನ್ನು ಪ್ರತಿ ವಾರ ಹೇಳಬೇಕಾಗುತ್ತದೆ. “ಅವರ ಮಾತು ನಾ ಹೇಳಿದ್ರ ನಾ ಸೋತಂಗ ಆಗೂದಿಲ್ಲೇನ್ರಿ ಸರ?” ಎಂದು ಕೇಳುವ ಹುಡುಗ ಎಲ್ಲ ತರಗತಿಯಲ್ಲೂ ಒಬ್ಬನಿರುತ್ತಾನೆ. ಹೆಚ್ಚಾಗಿ ಚರ್ಚಾ ಸ್ಪರ್ಧೆಯವನೇ.

ನಿಮಗೂ ಇಲ್ಲೊಂದು ಅಭ್ಯಾಸವಿದೆ: ಸುಮ್ಮನಿರುವುದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದುದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾದವು, ‘ಗೊತ್ತಿಲ್ಲ’ ಕಡಿಮೆಯಾಯಿತು. ತ್ರಾಸಿನ ಮಾತಿಗೆ ಮೂರು ಸಾಲದು; ನಾನು ಮನಸ್ಸಿನಲ್ಲಿ ಏಳರವರೆಗೆ ಎಣಿಸುತ್ತೇನೆ. ನಾಲ್ಕಕ್ಕೆ ಬಾಯಿ ತುರಿಸುತ್ತದೆ, ತಡೆಯಿರಿ.

ಹಂತ 4: ಮೂರು ತುಂಡಿನ ಮಾತು

ಕೇಳುವುದು ಬಂದ ಮೇಲೆ ಹೇಳುವುದು. ಮಾರ್ಷಲ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಇದಕ್ಕೆ ನಾಲ್ಕು ಭಾಗ ಮಾಡಿದ್ದ: ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೇಳಿಕೆ. ನಾನು ಮೂರಕ್ಕೆ ಇಳಿಸಿದ್ದೇನೆ. “ನನ್ನ ಮನಸ್ಸಿಗೆ ಬೇಸರವಾಗಿದೆ, ನನಗೆ ಗೌರವದ ಅಗತ್ಯವಿದೆ” ಎಂದು ನವಲಗುಂದದ ಹುಡುಗ ತನ್ನ ಗೆಳೆಯನಿಗೆ ಹೇಳಿದರೆ ಗೆಳೆಯ ಹಣೆ ಮುಟ್ಟಿ ಜ್ವರ ನೋಡುತ್ತಾನೆ. ಆದ್ದರಿಂದ: ಏನು ಆಯಿತು, ಅದರಿಂದ ನನಗೆ ಏನಾಯಿತು, ಈಗ ಏನು ಮಾಡಬೇಕು.

ಹಲಗೆಯ ಎಡಕ್ಕೆ ಸಿಟ್ಟಿನ ಮಾತನ್ನು ಇದ್ದಂತೆಯೇ ಬರೆಯಿರಿ: “ನಿಂದು ಯಾವಾಗ್ಲೂ ಹಿಂಗs. ನಿನಗ ನೋಟ್‌ಬುಕ್ ಕೊಟ್ಟಿದ್ದs ನನ್ನ ತಪ್ಪು.” ಬಲಕ್ಕೆ ಮಕ್ಕಳೇ ಕಟ್ಟಲಿ: “ಸೋಮವಾರ ಕೊಡ್ತೀನಿ ಅಂದಿದ್ದಿ, ಇವತ್ತ ಗುರುವಾರ. ನೋಟ್‌ಬುಕ್ ಇಲ್ದ ನಿನ್ನೆ ನನಗ ಹೋಂವರ್ಕ್ ಆಗ್ಲಿಲ್ಲ, ಟೀಚರ ನಿಲ್ಲಿಸಿದ್ರು. ನಾಳೆ ಪ್ರಾರ್ಥನಾಕ್ಕಿಂತ ಮೊದ್ಲ ತಂದುಕೊಡು.”

‘ಯಾವಾಗ್ಲೂ’, ‘ಒಮ್ಮೇನೂ’, ‘ಎಲ್ಲಾರೂ ಹಂಗs ಅಂತಾರ’: ಈ ಮೂರನ್ನು ಹಲಗೆಯ ಮೂಲೆಯಲ್ಲಿ ಬರೆದು ಸುತ್ತು ಹಾಕಿ. ಇವು ಬಂದರೆ ಎದುರಿನವರು ವಿಷಯ ಬಿಟ್ಟು ಆ ಶಬ್ದವನ್ನೇ ಹಿಡಿದು ಕೂಡುತ್ತಾರೆ: “ಯಾವಾಗ್ಲೂ ಏನಿಲ್ಲ, ಹೋದ ವಾರ ಕೊಟ್ಟಿದ್ದೆ.” ಕೊನೆಯ ತುಂಡು ‘ಇನ್ನ ಮ್ಯಾಲರ ಚಂದಂಗ ಇರು’ ಎಂಬ ಉಪದೇಶವಾಗದಿರಲಿ. ಅದರಲ್ಲಿ ದಿನ, ಹೊತ್ತು, ಕೆಲಸ ಮೂರೂ ಇರಬೇಕು.

ಹಿರಿಯರ ಜೊತೆಗಾದರೆ ಮೊದಲು ಒಂದು ತುಂಡು ಸೇರುತ್ತದೆ: ಅವರ ಕಾಳಜಿಯನ್ನು ನಾವೇ ಹೇಳುವುದು. “ಅಪ್ಪಾ, ಸೈನ್ಸ್ ತಗೊಂಡ್ರ ನೌಕರಿ ಸಿಗತೈತಿ, ನಾ ಮುಂದ ತ್ರಾಸ ಪಡಬಾರದು ಅಂತ ನಿಮ್ಮ ಮನಸಿನ್ಯಾಗ ಐತಿ. ಬರೋಬ್ಬರಿ ಏನ್ರಿ?” ಅಪ್ಪ ‘ಹೂಂ’ ಅಂದ ಮೇಲೆ ಆರ್ಟ್ಸಿನ ಮಾತು. ಹೊತ್ತೂ ನೋಡಬೇಕು. ಹೊಲದಿಂದಲೋ ಡ್ಯೂಟಿಯಿಂದಲೋ ಬಂದು ಕೈಕಾಲು ತೊಳೆಯುವ ಮುಂಚೆ ಎತ್ತಿದ ಮಾತು ಎಷ್ಟು ಚಂದ ಕಟ್ಟಿದ್ದರೂ ಬೀಳುತ್ತದೆ. ಮಕ್ಕಳಿಗೆ ಕೇಳಿ, ಯಾರ ಮನೆಯಲ್ಲಿ ಯಾವ ಹೊತ್ತು ಒಳ್ಳೆಯದೆಂದು; ಪಟ್ಟಿ ಬರೆಯುವಷ್ಟು ಗೊತ್ತಿರುತ್ತದೆ ಅವರಿಗೆ.

ಹಂತ 5: ಒಳಸುತ್ತು, ಹೊರಸುತ್ತು

ಇನ್ನು ಅಭಿನಯ. ಇಬ್ಬರು ನಡುವೆ, ಉಳಿದವರು ಸುತ್ತಲೂ, ನಮ್ಮ ಬಯಲಾಟದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಸುತ್ತ ಕೂತವರಿಗೂ ಕೆಲಸವಿದೆ. ಹೊರಸುತ್ತನ್ನು ಮೂರು ಪಾಲು ಮಾಡಿ: ಒಂದು ಪಾಲು ‘ತಿರುಗಿ ಹೇಳಿದ್ದು ಎಷ್ಟು ಸಲ’ ಎಂದು ಎಣಿಸಲಿ, ಇನ್ನೊಂದು, ಮಾತಿನ ಕಾವು ಏರಿದ್ದು ಯಾವ ಶಬ್ದಕ್ಕೆ ಎಂದು ಬರೆಯಲಿ, ಮತ್ತೊಂದು, ಇಳಿದದ್ದು ಯಾವ ಶಬ್ದಕ್ಕೆ ಎಂದು. ‘ಯಾರು ಗೆದ್ದರು’ ಎಂಬ ಪ್ರಶ್ನೆ ಹೊರಸುತ್ತಿನಿಂದ ಬಂದರೆ ಉತ್ತರ ಕೊಡಬೇಡಿ.

ಒಂದು ಸುತ್ತು ಮೂರು ನಿಮಿಷ. ಮೊದಲ ದಿನ ನಡುವೆ ನೀವೇ ಕೂಡಿ, ತಪ್ಪು ಕೂಡಿಸಿದ ಮಾಸ್ತರನ ಪಾತ್ರ ನಿಮ್ಮದು. ಹುಡುಗಿಯೊಬ್ಬಳು ಬಂದು ಅಂಕ ಕೇಳಲಿ. ಸ್ವಲ್ಪ ಗಡುಸಾಗಿಯೇ ಇರಿ, ತೀರ ಮೆತ್ತಗಾದರೆ ತಾಲೀಮು ಆಗುವುದಿಲ್ಲ.

60 ಮಕ್ಕಳಲ್ಲಿ ನಡುವೆ ಬರುವವರು ವಾರಕ್ಕೆ ಆರೇಳು ಮಂದಿ ಮಾತ್ರ ಎಂಬ ತಕರಾರು ನ್ಯಾಯವಾದದ್ದೇ. ಅದಕ್ಕೆ ಮೊದಲ ಹತ್ತು ನಿಮಿಷ ‘ಯೋಚಿಸು–ಜೋಡಿಯಾಗು–ಹಂಚಿಕೋ’ ಕ್ರಮ ಇಡಿ: ಒಂದು ನಿಮಿಷ ಒಬ್ಬರೇ ಯೋಚನೆ, ಮೂರು ನಿಮಿಷ ಪಕ್ಕದವರೊಂದಿಗೆ ಆಡಿ ನೋಡುವುದು, ಆಮೇಲೆ ಎಲ್ಲರ ಮುಂದೆ. 1981ರಲ್ಲಿ ಫ್ರಾಂಕ್ ಲೈಮನ್ ಎಂಬ ಶಿಕ್ಷಣ ತಜ್ಞ ಹೆಸರಿಟ್ಟ ಈ ಕ್ರಮ ತುಂಬಿದ ತರಗತಿಗೆ ಹೇಳಿ ಮಾಡಿಸಿದ್ದು. ಗದ್ದಲವಾಗುತ್ತದೆ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರಿ.

ಹಂತ 6: ಮತ್ತೊಮ್ಮೆ

ಸಮಯ ಸಾಲದೆ ಯಾವುದಾದರೂ ಹಂತ ಬಿಡಬೇಕಾದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನಲ್ಲ.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಅನೇಕ ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತದೆ. ಊರಿನಲ್ಲಿ ಅದು ನಿಜ. ಅದಕ್ಕೇ ಮಕ್ಕಳು ಒಂದೋ ಬಾಯಿ ಮುಚ್ಚುತ್ತಾರೆ, ಇಲ್ಲವೇ ಸಿಟ್ಟು ಕಟ್ಟೆಯೊಡೆದಾಗ ಎಲ್ಲವನ್ನೂ ಸುರಿಯುತ್ತಾರೆ. ತರಗತಿಯ ವಿಶೇಷ ಇರುವುದೇ ಇಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಆಡಬಹುದು ಎಂಬುದರಲ್ಲಿ. ಆ ಸೌಲಭ್ಯ ಅವರಿಗೆ ಮನೆಯಲ್ಲೂ ಇಲ್ಲ, ಓಣಿಯಲ್ಲೂ ಇಲ್ಲ.

ಮಾಡುವುದು ಹೀಗೆ. ಮೂರು ನಿಮಿಷದ ಸುತ್ತು ಮುಗಿಯಿತು. ಕಾವು ಏರಿದ್ದು ಎಲ್ಲಿ ಎಂದು ಹೊರಸುತ್ತಿಗೆ ಕೇಳಿ. ಅವರು ತೋರಿಸಿದ ಒಂದೇ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ. ಅದರ ಬದಲಿಗೆ ಏನು ಹೇಳಬಹುದಿತ್ತು? ನಾಲ್ಕೈದು ಸಲಹೆ ಬರುತ್ತವೆ. ಅವುಗಳಲ್ಲಿ ಒಂದನ್ನು ಆಡಿದ ಹುಡುಗನೇ ಆರಿಸಲಿ, ನೀವಲ್ಲ. ಈಗ ಆ ವಾಕ್ಯಕ್ಕಿಂತ ಒಂದು ಮಾತು ಹಿಂದಿನಿಂದ ಅದೇ ಇಬ್ಬರು ಮತ್ತೆ ಆಡಲಿ. ಎದುರಿನವರು ಮೊದಲಿನಂತೆಯೇ ಗಡುಸಾಗಿರಬೇಕು. ಬದಲಾಗುವುದು ಆ ಒಂದು ವಾಕ್ಯ ಮಾತ್ರ.

ಕೆಲವು ಸಲ ಏನೂ ಬದಲಾಗುವುದಿಲ್ಲ. ಹಾಗಾದಾಗ ಬೇರೊಂದು ವಾಕ್ಯ ಹಾಕಿ ಮೂರನೆಯ ಸಲ ಆಡಿಸಿ. ಎಷ್ಟೋ ಸಲ ಕಾವು ಏರಿದ ಜಾಗವೇ ತಪ್ಪಾಗಿ ಗುರುತಾಗಿರುತ್ತದೆ: ಎಲ್ಲರೂ ‘ಕಳ್ಳ’ ಎಂಬ ಶಬ್ದ ತೋರಿಸುತ್ತಾರೆ, ಆದರೆ ಎದುರಿನವನು ಮುಖ ತಿರುಗಿಸಿದ್ದು ಅದಕ್ಕೂ ಎರಡು ಮಾತು ಮೊದಲು, ಅವನ ಮಾತನ್ನು ಅರ್ಧಕ್ಕೆ ತುಂಡರಿಸಿದಾಗ. ಎದುರು ಕೂತವನನ್ನೇ ಕೇಳಿ: “ನಿನಗ ಖರೇನs ಸಿಟ್ಟ ಬಂದಿದ್ದು ಯಾವಾಗ?” ಅವನ ಉತ್ತರ ಹೊರಸುತ್ತಿನ ಎಣಿಕೆಗೆ ಹೊಂದದಿದ್ದರೆ ಆ ಅವಧಿ ಸಾರ್ಥಕ.

ಕಂಪನಿ ನಾಟಕದವರ ತಾಲೀಮು ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಇಡೀ ನಾಟಕ ಮತ್ತೆ ಮತ್ತೆ ಆಡಿಸುವುದಿಲ್ಲ, ಎಡವಿದ ಸಾಲನ್ನು ಮಾತ್ರ ಹತ್ತು ಸಲ ಆಡಿಸುತ್ತಾರೆ.

ಹಂತ 7: ಊರಿನ ವಿಷಯ

ಆರು ವಾರ ಕಳೆದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ನಮ್ಮ ಭಾಗಕ್ಕೆ ಮಹದಾಯಿ ಹೊಳೆಯ ನೀರಿಗಾಗಿ ಗೋವೆಯೊಂದಿಗಿರುವ ವ್ಯಾಜ್ಯಕ್ಕಿಂತ ಒಳ್ಳೆಯ ವಿಷಯ ಸಿಗದು. ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮಲಪ್ರಭೆಯಿಂದ. ಮಹದಾಯಿ ನೀರನ್ನು ಆ ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ.

ಮೊದಲು ಹಲಗೆಯನ್ನು ಎರಡು ಪಾಲು ಮಾಡಿ: ‘ಗೊತ್ತಿರೂದು’, ‘ಅನಸೂದು’. ಮಕ್ಕಳು ಹೇಳಿದ್ದನ್ನೆಲ್ಲ ಯಾವ ಪಾಲಿಗೆ ಹಾಕಬೇಕೆಂದು ಅವರೇ ತೀರ್ಮಾನಿಸಲಿ. “ನಮಗ 13.42 ಟಿಎಂಸಿ ನೀರು ಮಲಪ್ರಭೆಗೆ ಬರಬೇಕು” ಎಂದು ಯಾರಾದರೂ ಗಟ್ಟಿಯಾಗಿ ಹೇಳುತ್ತಾರೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿದ್ದು ನಿಜ. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.90, ದೊಡ್ಡ ಪಾಲು, 8.02 ಟಿಎಂಸಿ, ವಿದ್ಯುತ್ ಉತ್ಪಾದನೆಗೆ. ಅಂದರೆ ಆ ವಾಕ್ಯದ ಅರ್ಧ ‘ಗೊತ್ತಿರೂದು’ ಪಾಲಿಗೆ, ಅರ್ಧ ‘ಅನಸೂದು’ ಪಾಲಿಗೆ. ಅಂಕಿ ಗೊತ್ತಾದ ಕೂಡಲೇ ಅರ್ಧ ಗದ್ದಲ ಇಳಿಯುವುದನ್ನು ನೀವೇ ನೋಡುತ್ತೀರಿ.

ಆಮೇಲೆ ಪಾತ್ರ ಹಂಚಿ, ಆದರೆ ತಿರುಗುಮುರುಗಾಗಿ. ನವಲಗುಂದದ ಹುಡುಗ ಗೋವೆಯ ಪರ ಮಾತಾಡಲಿ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಈ ಹೊಳೆ ಅವರಿಗೆ ಮಾಂಡವಿ. ನೀರು ಇಳಿದರೆ ಸಮುದ್ರದ ಉಪ್ಪುನೀರು ಒಳಗೆ ಏರುತ್ತದೆಂಬ ಭಯ, ಕುಡಿಯುವ ನೀರು, ಮಹದಾಯಿ ವನ್ಯಜೀವಿ ಧಾಮ, ಇವು ಅವರ ಮಾತುಗಳು. ಅವನು ಅವನ್ನು ಅಣಕಿಸದೆ, ಗೋವೆಯವನೊಬ್ಬ ಕೇಳಿಸಿಕೊಂಡರೆ ‘ಬರೋಬ್ಬರಿ’ ಅನ್ನುವಂತೆ ಹೇಳಬೇಕು. ತನ್ನ ನಿಲುವು ಬದಲಿಸಬೇಕಿಲ್ಲ. ಅವಧಿ ಮುಗಿದ ಮೇಲೆ ಹೊರಗೆ ಹೋಗಿ ಕಳಸಾ–ಬಂಡೂರಿ ಜಾರಿಯಾಗಲಿ ಎಂದು ಕೂಗಲಿ, ತಪ್ಪೇನಿಲ್ಲ.

ನಿಮ್ಮ ಅಭಿಪ್ರಾಯ ಏನೆಂದು ಮಕ್ಕಳು ಕೇಳೇ ಕೇಳುತ್ತಾರೆ. ಕೊನೆಯ ಐದು ನಿಮಿಷದವರೆಗೆ ಹೇಳಬೇಡಿ. ಸರ ಯಾವ ಕಡೆ ಎಂದು ಗೊತ್ತಾದರೆ ಮುಕ್ಕಾಲು ತರಗತಿ ಅತ್ತ ವಾಲುತ್ತದೆ.

ಹಂತ 8: ವೇಷ ಕಳಚುವುದು

ಅಭಿನಯವಿದ್ದ ಪ್ರತಿ ಅವಧಿಯ ಕೊನೆಯ ಐದು ನಿಮಿಷ ಇದಕ್ಕೇ ಮೀಸಲು. ಪಾತ್ರ ಮಾಡಿದ ಇಬ್ಬರೂ ಎದ್ದು ನಿಂತು ತಮ್ಮ ನಿಜ ಹೆಸರು ಹೇಳಲಿ, ಪಾತ್ರಕ್ಕೂ ತಮಗೂ ಇರುವ ಒಂದು ವ್ಯತ್ಯಾಸ ಹೇಳಲಿ, ಜಾಗ ಬದಲಿಸಿ ಕೂಡಲಿ. ಚಿಕ್ಕ ಕೆಲಸ ಎಂದು ಬಿಟ್ಟರೆ ಮೂರು ನಿಮಿಷ ‘ನೋಟ್‌ಬುಕ್ ಕಳ್ಳ’ನಾಗಿದ್ದ ಹುಡುಗನಿಗೆ ಅದೇ ಅಡ್ಡಹೆಸರಾಗಿ ಅಂಟುತ್ತದೆ.

ಅಂಕ ಕೊಡಬೇಡಿ. ಕೊಟ್ಟರೆ ನಾಟಕ ಚೆನ್ನಾಗಿ ಆಡುತ್ತಾರೆ, ಮಾತು ಕಲಿಯುವುದಿಲ್ಲ.

ಕೈ ಮೀರಿದಾಗ

ಕೂಗಾಟವಾದರೆ ‘ಸುಮ್ನಿರ್ರಿ’ ಎಂದು ನೀವೂ ಕೂಗಬೇಡಿ. ಎಲ್ಲರೂ ಎದ್ದು ನಿಲ್ಲಲಿ, ಒಂದು ನಿಮಿಷ ನೀರು ಕುಡಿದು ಬರಲಿ. ಅಳು ಬಂದರೆ ಸುತ್ತು ನಿಲ್ಲಿಸಿ, ಅಳುವವರನ್ನು ನಡುವೆ ಕೂರಿಸಿ ಸಮಾಧಾನ ಹೇಳುವ ದೃಶ್ಯ ಬೇಡ. ಗೆಳತಿಯೊಬ್ಬಳನ್ನು ಜೊತೆ ಮಾಡಿ ಹೊರಗೆ ಕಳಿಸಿ, ಅವಧಿ ಮುಗಿದ ಮೇಲೆ ನೀವು ಹೋಗಿ.

ಕೆಲವೊಮ್ಮೆ ಚೀಟಿಯಲ್ಲೋ ಅಭಿನಯದಲ್ಲೋ ನಿಜವಾದ ಗಾಯವೇ ಹೊರಬೀಳುತ್ತದೆ. ತರಗತಿಯಲ್ಲಿ ಕೆದಕಬೇಡಿ. ಒಬ್ಬರೇ ಸಿಕ್ಕಾಗ ಕೇಳಿಸಿಕೊಳ್ಳಿ. “ಯಾರಿಗೂ ಹೇಳೂದಿಲ್ಲ” ಎಂದು ಮಾತು ಕೊಡಬೇಡಿ, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಿಕ್ಷಕರಿಗೂ ವಿನಾಯಿತಿ ಇಲ್ಲ. ಬಾಲ್ಯವಿವಾಹದ ಸುಳಿವು ಸಿಕ್ಕರೆ, ಹುಡುಗಿಗೆ 18, ಹುಡುಗನಿಗೆ 21 ತುಂಬಿಲ್ಲದಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಈ ಎರಡು ಸಂಖ್ಯೆಗಳನ್ನು ಮೊದಲ ದಿನವೇ ಹಲಗೆಯ ಪಕ್ಕ ಅಂಟಿಸಿಡಿ. ಬೇಕಾದಾಗ ಯಾರೂ ಕೇಳಿ ಪಡೆಯುವುದಿಲ್ಲ.

ಮನೆಯಿಂದ ತಕರಾರು ಬಂದರೆ

“ಸಾಲ್ಯಾಗ ಎದುರು ಮಾತಾಡೂದು ಕಲಸ್ತಾರಂತ” ಎಂದು ಯಾರಾದರೂ ಪಾಲಕರು ಬಂದೇ ಬರುತ್ತಾರೆ. ವಾದ ಮಾಡಬೇಡಿ. “ಹುಡುಗ ಮನ್ಯಾಗ ತಿರುಗಿ ಮಾತಾಡ್ಯಾನ, ಅದು ನಿಮಗ ಸರಿ ಬಂದಿಲ್ಲ. ಬರೋಬ್ಬರಿ ಏನ್ರಿ?” ಎಂದು ಶುರು ಮಾಡಿ, ಕಲಿಸುವುದನ್ನು ಮೊದಲು ನೀವು ಬಳಸಬೇಕಾದ ಜಾಗವೇ ಇದು. ಆಮೇಲೆ ಮುಂದಿನ ಪಾಲಕರ ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು, ಅವರನ್ನೇ ಎದುರುಬದುರು ಕೂರಿಸಿ ಪೇಢೆ–ಕುಂದಾ ಆಡಿಸಿ. ಅಪ್ಪಂದಿರು ಮೊದಲ ಸುತ್ತಿಗೇ ಎಡವುತ್ತಾರೆ, ಮಕ್ಕಳು ಕಿಡಕಿಯಲ್ಲಿ ನಿಂತು ನಗುತ್ತಾರೆ. ಚಹಾ ಕೊಡುವ ಮುಂಚೆಯೇ ಆಡಿಸಿಬಿಡಿ. ಚಹಾ ಬಂದ ಮೇಲೆ ಯಾರೂ ಯಾರ ಮಾತನ್ನೂ ತಿರುಗಿ ಹೇಳುವುದಿಲ್ಲ.